ಗ್ಲೆನ್ನನ ಬೇಸ್‌ಬಾಲು, ನನ್ನ ಹೊಟ್ಟೆಕಿಚ್ಚು

ಅಮೆರಿಕಕ್ಕೆ ಹೋದವರು ಸೇತುವೆ ನೋಡಿ ಬರುತ್ತಾರೆ, ಜಲಪಾತ ನೋಡಿ ಬರುತ್ತಾರೆ. ನಾನು ಹೋದದ್ದು ಒಬ್ಬ ಹಲ್ಲಿನ ಡಾಕ್ಟರನ್ನು ನೋಡಲು. ನನ್ನ ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ಹೊಟ್ಟೆಗೆ. ಒಳಗೆ ಕಿಚ್ಚು ಹತ್ತಿಕೊಂಡು ಎಂಟು ವರ್ಷವಾಗಿತ್ತು.

ಮೈಸೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಇಮ್ತಿಯಾಜ್ ನನ್ನ ಬಾಲ್ಯದ ಗೆಳೆಯ. ನಜರ್‌ಬಾದಿನ ಒಂದೇ ಬೀದಿಯಲ್ಲಿ ಬೆಳೆದವರು ನಾವು. ಅವನು ಬೌಲರು, ನಾನು ಸ್ಲಿಪ್ಪಿನಲ್ಲಿ ನಿಲ್ಲುವವನು. ಅವನ ಚೆಂಡು ಬ್ಯಾಟಿನ ಅಂಚು ಸವರಿ ನನ್ನ ಕೈಗೆ ಬಂದು ಬೀಳುತ್ತಿತ್ತು, ನಮ್ಮ ಸ್ನೇಹ ಬೆಳೆದದ್ದೇ ಹಾಗೆ. ಆಮೇಲೆ ಅವನು ಗ್ರಾನೈಟ್ ವ್ಯಾಪಾರಕ್ಕೆ ಇಳಿದ. ಚಾಮರಾಜನಗರದ ಕರಿಕಲ್ಲನ್ನು ಹಡಗಿಗೆ ಹಾಕಿ ಕ್ಯಾಲಿಫೋರ್ನಿಯಾದ ಅಡುಗೆಮನೆಗಳಿಗೆ ಮುಟ್ಟಿಸುತ್ತ ಕೊನೆಗೆ ತಾನೂ ಅಲ್ಲೇ ಉಳಿದ. ಆದರೂ ಮ್ಯಾಚು ಇದ್ದ ದಿನ ಫೋನು ತಪ್ಪುತ್ತಿರಲಿಲ್ಲ. ನಾನು ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಮಸೂರ ಹಿಡಿದುಕೊಂಡೇ ಅವನೊಡನೆ ನಾಯಕನನ್ನು ಬೈದಿದ್ದೇನೆ.

ಎಂಟು ವರ್ಷದ ಹಿಂದೆ ಫೋನು ಕಡಿಮೆಯಾಯಿತು. ಬದಲಿಗೆ ಒಂದು ಫೋಟೊ ಬಂತು. ಇಮ್ತಿಯಾಜ್ ಹಸಿರು ಟೋಪಿ ಹಾಕಿಕೊಂಡು ಯಾವುದೋ ಕ್ರೀಡಾಂಗಣದಲ್ಲಿ ಕೂತಿದ್ದ. ಅವನ ಭುಜದ ಮೇಲೆ ಕೈ ಹಾಕಿ ಇನ್ನೊಬ್ಬ ಹಸಿರು ಟೋಪಿಯವನು. ಕೆಳಗೆ ಬರೆದಿದ್ದ: "ಇವನು ಗ್ಲೆನ್. ಹಲ್ಲಿನ ಡಾಕ್ಟರು. ಬೇಸ್‌ಬಾಲ್ ಅಂದ್ರೆ ಪ್ರಾಣ." ಆ ಫೋಟೊ ನೋಡಿ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ದೊಡ್ಡದು ಮಾಡಿ ಆ ಮನುಷ್ಯನ ಕನ್ನಡಕ ಪರೀಕ್ಷಿಸಿದ್ದು. ಫ್ರೇಮು ಎಡಕ್ಕೆ ವಾಲಿತ್ತು. ಅಷ್ಟು ಸಮಾಧಾನವಾಯಿತು.

"ಒಂದು ಸಲ ಹೋಗಿ ಅವರ ಪಕ್ಕದಲ್ಲಿ ಕೂತು ಮ್ಯಾಚು ನೋಡ್ಕೊಂಡು ಬನ್ನಿ," ಎಂದಳು ನನ್ನ ಹೆಂಡತಿ ಸುಮಾ. "ಇಲ್ಲಾಂದ್ರೆ ನನ್ನ ಕಿವಿ ಉಳಿಯಲ್ಲ." ಹಾಗೆ ಹೋದ ಸೆಪ್ಟೆಂಬರಿನಲ್ಲಿ ಹೊರಟೆ. ನಾನು ಅಲ್ಲಿರುವಾಗಲೇ ನಮ್ಮಲ್ಲಿ ಟೆಸ್ಟ್ ಪಂದ್ಯ ಶುರುವಾಗುವಂತೆ ದಿನ ನೋಡಿ ಟಿಕೆಟು ತೆಗೆಸಿದ್ದೆ. ಇಮ್ತಿಯಾಜ್‌ನನ್ನು ಮತ್ತೆ ನನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳಬೇಕು, ಆಗದಿದ್ದರೆ ಆ ಡಾಕ್ಟರು ಯಾವುದರಲ್ಲಿ ನನಗಿಂತ ಮೇಲು ಎಂದಾದರೂ ತಿಳಿದುಕೊಂಡು ಬರಬೇಕು ಎಂಬುದು ನನ್ನ ಲೆಕ್ಕ.

ಸ್ಯಾನ್ ರಮೋನ್

ಸ್ಯಾನ್ ರಮೋನಿನಲ್ಲಿ ಎಲ್ಲವೂ ಈಗಷ್ಟೇ ತೊಳೆದಿಟ್ಟ ಹಾಗಿದೆ. ರಸ್ತೆಯಲ್ಲಿ ಕಾರುಗಳಿವೆ, ಜನರಿಲ್ಲ. ಮೊದಲ ಬೆಳಿಗ್ಗೆ ವಾಕಿಂಗಿಗೆ ಹೋದಾಗ ರಸ್ತೆ ದಾಟಲು ನಿಂತೆ. ಬರುತ್ತಿದ್ದ ಕಾರೂ ನಿಂತಿತು. ಅದು ಹೋಗಲಿ ಎಂದು ನಾನು ಕಾದೆ, ನಾನು ಹೋಗಲಿ ಎಂದು ಅದು ಕಾಯಿತು. ಒಳಗಿದ್ದ ಹೆಂಗಸು ಕೈಯಾಡಿಸಿ ಸನ್ನೆ ಮಾಡಿದಳು. ನಾನು ನಮಸ್ಕಾರ ಮಾಡಿದೆ. ಕಡೆಗೆ ನಾನು ಬಂದ ದಾರಿಯಲ್ಲೇ ವಾಪಸಾದೆ. ಮೈಸೂರಿನಲ್ಲಾದರೆ ನನ್ನ ವಂಶವನ್ನೆಲ್ಲ ಜಾಲಾಡಿ ಕಾರು ಮುಂದೆ ಹೋಗಿರುತ್ತಿತ್ತು, ನಾನೂ ದಾಟಿರುತ್ತಿದ್ದೆ.

ಇಮ್ತಿಯಾಜ್ ತೋಳು ಅಗಲಿಸಿ ಅಪ್ಪಿಕೊಂಡಿದ್ದ, ಕಣ್ಣು ಒರೆಸಿಕೊಂಡಿದ್ದ, ಅದೆಲ್ಲ ನಿಜ. ಅವನ ಹೆಂಡತಿ ಫರ್ಹಾನಾ ಮೈಸೂರಿನ ಬಿರಿಯಾನಿಯನ್ನು ಮೈಸೂರಿಗಿಂತ ಚೆನ್ನಾಗಿ ಮಾಡಿದ್ದಳು. ಊಟವಾದ ಮೇಲೆ ಟೀವಿ ಎದುರಿನ ದೊಡ್ಡ ಕುರ್ಚಿಯಲ್ಲಿ ಕೂತೆ. ಕೂತದ್ದೇ ತಡ, ಬೆನ್ನು ಹಿಂದಕ್ಕೆ ಹೋಯಿತು, ಕಾಲು ಮೇಲಕ್ಕೆ ಹೋಯಿತು, ನಾನು ಗಾಳಿಯಲ್ಲಿ ಮಲಗಿದ ಹಾಗಾಯಿತು.

"ಅಯ್ಯೋ ಅಣ್ಣಾ, ಹೇಳೋದು ಮರೆತೆ," ಎಂದು ಫರ್ಹಾನಾ ಓಡಿಬಂದಳು. "ಅದರ ಹಿಡಿಕೆ ಸಡಿಲ. ಗ್ಲೆನ್ ಕೂತು ಕೂತು ಹಾಗಾಗಿದೆ."

ಅವರ ಮಗಳು ಹಿನಾ, ಹೈಸ್ಕೂಲಿನವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ನನ್ನನ್ನು ಎಬ್ಬಿಸಿ ಕೂರಿಸುತ್ತ, "ಅಂಕಲ್, ದಟ್ಸ್ ಗ್ಲೆನ್ಸ್ ಚೇರ್," ಎಂದಳು. ಆ ಮನೆಯಲ್ಲಿ ಅವನದೊಂದು ಕಾಫಿ ಮಗ್ಗೂ ಇತ್ತು, ಹಸಿರು ಬಣ್ಣದ್ದು. ನನಗೆ ಕೊಟ್ಟದ್ದು ಅತಿಥಿಗಳ ಲೋಟ, ಬೀರುವಿನ ಮೇಲಿನ ಸಾಲಿನಿಂದ ತೆಗೆದದ್ದು. ಬೀರುವಿನ ಮೇಲಿನ ಸಾಲಿನವನಾಗಿಬಿಟ್ಟೆನಲ್ಲ ಎಂದು ಆ ಕಾಫಿ ಕಹಿಯಾಯಿತು.

"ಅವನ ಪರಿಚಯ ಹೇಗಾಯ್ತೋ?" ಎಂದು ಕೇಳಿದೆ, ಬೇಕಾಗದವನ ಹಾಗೆ.

"ಅವನ ಕಿಚನ್ನಿಗೆ ಕಲ್ಲು ಹಾಕೋಕೆ ಹೋಗಿದ್ದೆ ಕಣೋ. ಎರಡು ದಿನದ ಕೆಲಸ. ಎರಡೂ ದಿನ ಆಟದ ಬಗ್ಗೆ ಮಾತು. ಹೆಂಡತಿಗೆ ಆಟ ಆಗಲ್ಲ, ಪಕ್ಕದ ಸೀಟು ಖಾಲಿ ಇದೆ, ಬಾ ಅಂದ. ಹೋದೆ. ನಿನ್ನ ಥರಾನೇ ಕಂಠಿ, ಬಾಯಿ ಮುಚ್ಚಲ್ಲ."

ಶ್ರೀಕಂಠ ಎಂಬ ನನ್ನನ್ನು ಕಂಠಿ ಎನ್ನುವವನು ಭೂಮಿಯ ಮೇಲೆ ಇವನೊಬ್ಬನೇ. ಹೊಗಳಿದನೋ ತೆಗಳಿದನೋ ತಿಳಿಯಲಿಲ್ಲ. ನನ್ನ ಥರದವನು ಇನ್ನೊಬ್ಬ ಹತ್ತಿರದಲ್ಲೇ ಸಿಕ್ಕಿದ್ದರಿಂದ ದೂರದವನು ಬೇಡವಾದ ಎಂದು ನಾನು ಅರ್ಥ ಮಾಡಿಕೊಂಡೆ.

ವಾಲ್ನಟ್ ಕ್ರೀಕ್

ಭಾನುವಾರ ಗ್ಲೆನ್ನನ ಮನೆಗೆ ಊಟಕ್ಕೆ ಹೋದೆವು. ವಯಸ್ಸಿನಲ್ಲಿ ಅವನು ನಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು, ಮರ್ಯಾದೆಗೆ ಅವರು ಎನ್ನಬೇಕು. ಆದರೆ ಹೊಟ್ಟೆಕಿಚ್ಚಿಗೆ ಬಹುವಚನ ಒಗ್ಗುವುದಿಲ್ಲ. ಅವನ ಇಂಗ್ಲಿಷ್ ಮಾತನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲಿ ಹಾಕಿದ್ದೇನೆ. ಇಲ್ಲಾದರೂ ಅವನು ನನ್ನ ಮಾತು ಕೇಳಲಿ.

ಎತ್ತರದ ಮನುಷ್ಯ, ಬೋಳುತಲೆ, ದೊಡ್ಡ ಗಂಟಲು. ಜೀವನವೆಲ್ಲ ಬಾಯಿ ತೆರೆದು ಮಾತಾಡಲಾಗದೆ ಮಲಗಿದವರ ಎದುರು ಮಾತಾಡಿದ ಅಭ್ಯಾಸ, ಎದುರಿನವರಿಗೂ ಅಭಿಪ್ರಾಯ ಇರಬಹುದೆಂಬ ಅನುಮಾನವೇ ಅವನಿಗೆ ಬರುವುದಿಲ್ಲ. ಅಡುಗೆಮನೆಯಲ್ಲಿ ನಮ್ಮ ಚಾಮರಾಜನಗರದ ಕಲ್ಲು ಮಿಂಚುತ್ತಿತ್ತು. ಅದರ ಮೇಲೆ ಕೈಯೂರಿಕೊಂಡು ಅವನು ಬೇಸ್‌ಬಾಲಿನ ಇತಿಹಾಸ ಶುರು ಮಾಡಿದ.

ಎರಡನೇ ಮಹಾಯುದ್ಧದ ನಂತರದ ತನಕ ಕಪ್ಪು ಜನರನ್ನು ದೊಡ್ಡ ಲೀಗಿನ ಮೈದಾನಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಕಾಲದ ದಾಖಲೆಗಳನ್ನು ಗ್ಲೆನ್ ಅರ್ಧ ದಾಖಲೆ ಎನ್ನುತ್ತಾನೆ. "ಅರ್ಧ ಊರನ್ನು ಬೇಲಿಯಾಚೆ ನಿಲ್ಲಿಸಿ ಓಟದಲ್ಲಿ ಮೊದಲು ಬಂದೆ ಅಂದರೆ ಯಾರು ಒಪ್ಪುತ್ತಾರೆ?" ಎಂದು ಕೇಳಿದ. ನಾನು ಒಪ್ಪುವುದಿಲ್ಲ ಎಂದೆ. ಅವನ ಮೊದಲ ಮಾತಿಗೇ ಒಪ್ಪಬೇಕಾಗಿ ಬಂದದ್ದು ನನಗೆ ಇಷ್ಟವಾಗಲಿಲ್ಲ.

ಸಂಬಳದ ಮಾತು ನಾನೇ ತೆಗೆದೆ. ಒಬ್ಬ ಆಟಗಾರನ ಒಪ್ಪಂದದ ಮೊತ್ತ ಪೇಪರಿನಲ್ಲಿ ಓದಿ ನನ್ನ ಕನ್ನಡಕದ ಮೇಲೇ ನನಗೆ ಅನುಮಾನ ಬಂದಿತ್ತು. ಕೋಲು ಬೀಸುವುದಕ್ಕೆ ಇಷ್ಟು ದುಡ್ಡೇ ಎಂದೆ.

"ಕೊಡಲಿ," ಎಂದ ಗ್ಲೆನ್. "ನನ್ನ ಅಪ್ಪನ ಕಾಲದಲ್ಲಿ ಆಟಗಾರ ಒಂದು ಸಲ ಸಹಿ ಹಾಕಿದರೆ ಆ ತಂಡದ ಸೊತ್ತು. ತಾನಾಗಿ ಬಿಡುವ ಹಾಗಿಲ್ಲ. ಚಳಿಗಾಲದಲ್ಲಿ ಹೊಟ್ಟೆಪಾಡಿಗೆ ವಿಮೆ ಮಾರುತ್ತಿದ್ದರು. ಕೋರ್ಟು ಹತ್ತಿ, ಮುಷ್ಕರ ಹೂಡಿ ಬಿಡಿಸಿಕೊಂಡರು. ಅವರಿಗೆ ಸಿಕ್ಕಿದ್ದರ ಮೇಲೆ ನನಗೆ ಕಣ್ಣಿಲ್ಲ. ನನ್ನ ಸಿಟ್ಟು ಜೇಬು ಹೊಲಿದುಕೊಂಡು ಕೂತ ಮಾಲೀಕರ ಮೇಲೆ. ಒಬ್ಬ ಮಾಲೀಕ ಸ್ಟಾರ್ ಆಟಗಾರರನ್ನೆಲ್ಲ ಕೊಳ್ಳುತ್ತಾನೆ, ಇನ್ನೊಬ್ಬ ಬಡತನದ ನಾಟಕ ಆಡುತ್ತಾನೆ. ಇಷ್ಟರ ಮೇಲೆ ಖರ್ಚು ಮಾಡಬೇಡ ಅನ್ನುವ ಗೋಡೆಯೂ ಇಲ್ಲ, ಇಷ್ಟಾದರೂ ಮಾಡು ಅನ್ನುವ ನೆಲವೂ ಇಲ್ಲ."

ನಮ್ಮಲ್ಲಿ ಆಟಗಾರರನ್ನು ಹರಾಜು ಹಾಕುತ್ತಾರೆ, ಟೀವಿಯಲ್ಲಿ ಎಲ್ಲರೆದುರು, ಸುತ್ತಿಗೆ ಬಡಿದು ಎಂದೆ. ಗ್ಲೆನ್ ಚಮಚ ಕೆಳಗಿಟ್ಟ. "ಆಟಗಾರನೂ ನೋಡುತ್ತಾನೆಯೇ?" ಮನೆಯವರ ಜೊತೆ ಕೂತು ನೋಡುತ್ತಾನೆ ಎಂದೆ. "ಯಾರೂ ಕೊಳ್ಳದಿದ್ದರೆ?" ಅದನ್ನೂ ನೋಡುತ್ತಾನೆ ಎಂದೆ. ಅವನು ತಲೆಯಾಡಿಸಿದ. ಒಂದು ವಿಷಯದಲ್ಲಾದರೂ ನಾವು ಅವರಿಗಿಂತ ಮುಂದಿದ್ದೇವೆಂದು ನಾನು ಬೀಗಿದೆ, ಅದು ಬೀಗುವ ವಿಷಯವಲ್ಲ ಎಂದು ಕಾರಿನಲ್ಲಿ ವಾಪಸು ಬರುವಾಗ ಹೊಳೆಯಿತು.

ಊಟದ ಕೊನೆಗೆ ಪ್ಲೇಆಫಿನ, ಅಂದರೆ ಕಪ್ಪಿಗಾಗಿ ಆಡುವ ಕೊನೆಯ ಸುತ್ತುಗಳ, ಮಾತು ಬಂತು. ಅವನು ಹುಡುಗನಾಗಿದ್ದಾಗ ಎರಡು ಲೀಗಿನಲ್ಲಿ ಮೊದಲು ಬಂದ ಎರಡೇ ತಂಡ ನೇರವಾಗಿ ಫೈನಲಿಗೆ. ಈಗ ಹನ್ನೆರಡು ತಂಡ ಒಳಗೆ. ವರ್ಷದಲ್ಲಿ ನೂರ ಅರವತ್ತಕ್ಕೂ ಹೆಚ್ಚು ಪಂದ್ಯ ಆಡಿ ಬಂದವರು ಮೂರು ಪಂದ್ಯದ ಸುತ್ತಿನಲ್ಲಿ ಎರಡು ಸೋತರೆ ಮನೆಗೆ. "ಸಾಮರ್ಥ್ಯ ಅಳೆಯಲು ಬೇಸಿಗೆಯೆಲ್ಲ ತೆಗೆದುಕೊಳ್ಳುತ್ತಾರೆ, ಆಮೇಲೆ ಬಹುಮಾನವನ್ನು ಅದೃಷ್ಟಕ್ಕೆ ಕೊಡುತ್ತಾರೆ," ಎಂದ. ಇಮ್ತಿಯಾಜ್ ಒಪ್ಪಲಿಲ್ಲ. ಹನ್ನೆರಡು ಊರಿಗೆ ಅಕ್ಟೋಬರಿನ ತನಕ ಆಸೆ ಉಳಿಯುತ್ತದಲ್ಲ ಎಂದ. ಇಬ್ಬರೂ ಹತ್ತಿಕೊಂಡರು. ಯಾವ ಯಾವ ವರ್ಷದ ಯಾವ ಯಾವ ಎಸೆತಗಳೋ ಹೊರಬಂದವು. ನಾನು ಕಲ್ಲಿನ ಮೇಲೆ ಬೆರಳಾಡಿಸುತ್ತ ಕೂತೆ. ಅವರ ಜಗಳದ ಒಂದು ಹೆಸರೂ ನನಗೆ ಗೊತ್ತಿರಲಿಲ್ಲ. ಇಮ್ತಿಯಾಜ್ ಹಾಗೆ ಮೇಜು ಕುಟ್ಟಿ ಜಗಳವಾಡುವುದನ್ನು ನಾನು ಕೊನೆಯ ಸಲ ನೋಡಿದ್ದು ನನ್ನ ಅಂಗಡಿಯಲ್ಲಿ, ನನ್ನ ಜೊತೆ.

ಓಕ್ಲ್ಯಾಂಡ್

ಇಮ್ತಿಯಾಜ್‌ನ ಕಲ್ಲಿನ ಗೋಡೌನು ಓಕ್ಲ್ಯಾಂಡಿನಲ್ಲಿ, ಬಂದರಿಗೆ ಹೋಗುವ ಲಾರಿಗಳ ದಾರಿಯಲ್ಲಿ. ಒಂದು ದಿನ ಅಲ್ಲಿಂದ ಗ್ಲೆನ್ನನ ಜೊತೆ ಅವನ ತಂಡದ ಹಳೆಯ ಕ್ರೀಡಾಂಗಣ ನೋಡಲು ಹೋದೆವು. ತಂಡ ಈಗ ಅಲ್ಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಆ ಊರಿನಲ್ಲಿದ್ದು, ಎಪ್ಪತ್ತರ ದಶಕದಲ್ಲಿ ಸತತ ಮೂರು ಸಲ ಕಪ್ಪು ಗೆದ್ದು, ಈಚೆಗೆ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟಿತು. ರೈಲು ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಒಂದು ಕಾಲುಸೇತುವೆ ಇದೆ. ಎರಡೂ ಕಡೆ ತಂತಿಬೇಲಿ, ಕೆಳಗೆ ಕೊಳಕು ಕಾಲುವೆ. ಅಂಥ ಸೇತುವೆಯ ಮೇಲೆ ಗ್ಲೆನ್ ಟೋಪಿ ತೆಗೆದು ನಿಂತ.

"ಇಲ್ಲಿ ಕಡಲೆಕಾಯಿ ಮಾರುತ್ತಿದ್ದರು," ಎಂದ. "ಇಲ್ಲಿ ಒಬ್ಬ ಕಹಳೆ ಊದುತ್ತಿದ್ದ, ಒಂದೇ ರಾಗ, ಅದೂ ತಪ್ಪು. ಇಲ್ಲಿ ಆಟ ಶುರುವಾದ ಮೊದಲ ವರ್ಷ ಅಪ್ಪ ನನ್ನನ್ನು ಕರೆತಂದಾಗ ನನಗೆ ಹದಿಮೂರು. ಅಪ್ಪ ಸತ್ತ ಮೇಲೆ ಸಮಾಧಿಗೆ ಹೋಗಿದ್ದು ಕಡಿಮೆ, ಇಲ್ಲಿಗೆ ಬರುತ್ತಿದ್ದೆ."

ನಾನು ಸುಮ್ಮನಿರಬೇಕಿತ್ತು. ಆದರೆ ಹಿಂದಿನ ದಿನ ಹಿನಾಳಿಂದ ಆ ತಂಡದ ಬಗ್ಗೆ ಒಂದಿಷ್ಟು ಓದಿಸಿಕೊಂಡಿದ್ದೆ, ಬಳಸದೆ ಹೇಗಿರಲಿ? "ನಿಮ್ಮ ತಂಡವೂ ಇಲ್ಲಿಗೆ ಬೇರೆ ಊರಿನಿಂದ ಬಂದದ್ದಲ್ಲವೇ?" ಎಂದೆ.

ಗ್ಲೆನ್ ಸಿಟ್ಟಾಗಲಿಲ್ಲ. "ಹೌದು," ಎಂದ. "ಆ ಊರಿನವರು ಅಳುತ್ತಿದ್ದಾಗ ನಾನು ಹೊಸ ಟೋಪಿ ಕೊಳ್ಳುತ್ತಿದ್ದೆ. ಈಗ ಇನ್ನೊಂದು ಊರಿನಲ್ಲಿ ಯಾವನೋ ಹುಡುಗ ಕೊಳ್ಳುತ್ತಿದ್ದಾನೆ. ಅವನನ್ನು ಕಂಡರೆ ನನಗೆ ಆಗುವುದಿಲ್ಲ. ಅವನ ಹೆಸರೂ ಗೊತ್ತಿಲ್ಲ ನೋಡಿ."

ಇಮ್ತಿಯಾಜ್ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟ. ನಾನು ಬೇಲಿ ಹಿಡಿದುಕೊಂಡು ಕಾಲುವೆ ನೋಡಿದೆ. ಆ ದುಃಖದ ಮೇಲೂ ನನಗೆ ಹೊಟ್ಟೆ ಉರಿಯಿತು. ಮೈಸೂರಿಗೆ ಕಳೆದುಕೊಳ್ಳಲಿಕ್ಕೆ ಅಂಥ ತಂಡವೇ ಎಂದೂ ಇರಲಿಲ್ಲ. ನಮ್ಮ ಹುಡುಗ ಒಬ್ಬ ಆಯ್ಕೆಯಾದರೆ ಊರೆಲ್ಲ ಹೋಳಿಗೆ, ಆಗದಿದ್ದರೆ ಬೆಂಗಳೂರಿನವರ ಮೇಲೆ ಬೈಗಳು, ಅಷ್ಟೇ. ಹೀಗೆ ಸೇತುವೆಯ ಮೇಲೆ ನಿಂತು ಟೋಪಿ ತೆಗೆಯಲು ನಮಗೊಂದು ಜಾಗವಿಲ್ಲ. ಗೆಳೆಯನೊಬ್ಬ ಬೆನ್ನ ಮೇಲೆ ಕೈಯಿಡುವಂಥ ದುಃಖವೂ ನನ್ನ ಪಾಲಿಗೆ ಬರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ

ಕೊಲ್ಲಿಯ ಆಚೆ ದಡದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡವಿದೆ, ಗ್ಲೆನ್ನನ ಹುಟ್ಟು ವೈರಿ. ಆ ಕ್ರೀಡಾಂಗಣದೊಳಗೆ ಕಾಲಿಡುವುದಿಲ್ಲವೆಂದು ಅವನು ಹಟ ಹಿಡಿದಿದ್ದನಂತೆ. ದೂರದಿಂದ ಬಂದ ಕಂಠಿಗೆ ಒಂದು ಆಟವಾದರೂ ತೋರಿಸಬೇಡವೇ ಎಂದು ಇಮ್ತಿಯಾಜ್ ಗೋಗರೆದು ಎಬ್ಬಿಸಿದ. ಗ್ಲೆನ್ ತನ್ನ ಹಸಿರು ಟೋಪಿ ಹಾಕಿಕೊಂಡೇ ಬಂದ. ಸುತ್ತಲೂ ಕಿತ್ತಳೆ ಮತ್ತು ಕಪ್ಪು. ಬೇಡದ ಮದುವೆಗೆ ಬಂದು ಕೂತ ಬೀಗರ ಹಾಗೆ ಕೈಕಟ್ಟಿ ಕೂತ.

ಕ್ರೀಡಾಂಗಣದ ಬಗ್ಗೆ ಕರುಬದೆ ಏನು ಮಾಡಲಿ? ಗೋಡೆಯ ಆಚೆ ಸಮುದ್ರ, ಈಚೆ ಹುಲ್ಲು. ನಮ್ಮಲ್ಲಿನ ಹಾಗೆ ಲಾಠಿ ಹಿಡಿದ ಪೊಲೀಸರು ಜನರ ಕಡೆ ಮುಖ ಮಾಡಿ ನಿಂತಿಲ್ಲ. ತಿಂಡಿಯ ಚೀಲ ಒಳಗೆ ತರಲು ಬಿಡುತ್ತಾರೆ. ಫರ್ಹಾನಾ ಕಟ್ಟಿಕೊಟ್ಟ ಖೀಮಾ ಸಮೋಸ ನಮ್ಮ ಜೊತೆ ಒಳಗೆ ಬಂತು, ಗ್ಲೆನ್ ನಾಲ್ಕು ತಿಂದ. ಅವನು ಕಡಲೆಕಾಯಿ ಕೊಂಡು ನನಗೂ ಕೊಟ್ಟ. ಅಮೆರಿಕದಲ್ಲಿ ಕಸ ಹಾಕಿದರೆ ದಂಡವೆಂದು ಸುಮಾ ಎಚ್ಚರಿಸಿದ್ದಳು, ಹಾಗಾಗಿ ಸಿಪ್ಪೆಯನ್ನೆಲ್ಲ ಪ್ಯಾಂಟಿನ ಜೇಬಿಗೆ ತುಂಬಿಕೊಳ್ಳುತ್ತ ಹೋದೆ. ಜೇಬು ಉಬ್ಬಿದ ಮೇಲೆ ನೋಡುತ್ತೇನೆ, ಎಲ್ಲರೂ ಸಿಪ್ಪೆಯನ್ನು ಕಾಲ ಬುಡದಲ್ಲೇ ಉದುರಿಸಿ ಕೂತಿದ್ದಾರೆ. ಇಲ್ಲಿ ಅದೇ ಸಂಪ್ರದಾಯವಂತೆ. ಆಟ ಮುಕ್ಕಾಲು ಆಗುವಷ್ಟರಲ್ಲಿ ಜನರೆಲ್ಲ ದಡಬಡ ಎದ್ದುನಿಂತರು. ರಾಷ್ಟ್ರಗೀತೆ ಎಂದುಕೊಂಡು ನಾನೂ ಸಾವಧಾನ್ ನಿಂತೆ. ಅವರು ತೂಗಾಡುತ್ತ ಹಾಡತೊಡಗಿದರು. ಅದು ಕೂತು ಜೋಮು ಹಿಡಿದ ಕಾಲು ಬಿಡಿಸಿಕೊಳ್ಳುವ ಹಾಡಂತೆ.

ಚೆಂಡು ಬಂದದ್ದು ಆ ಹಾಡು ಮುಗಿದ ಸ್ವಲ್ಪ ಹೊತ್ತಿಗೆ. ಬ್ಯಾಟಿಗೆ ಓರೆಯಾಗಿ ತಾಗಿದ ಚೆಂಡು ಗೆರೆಯಾಚೆ ಮೇಲಕ್ಕೆ ಸಿಡಿದು ನಮ್ಮ ಸಾಲಿನ ಕಡೆ ಇಳಿಯತೊಡಗಿತು. ಗ್ಲೆನ್ ಎದ್ದು ಎರಡೂ ಕೈ ಚಾಚಿದ. ಚೆಂಡು ಅವನಿಗಿಂತ ಒಂದು ಮೊಳ ಈಚೆ, ನನ್ನ ಎದೆಯ ಮಟ್ಟಕ್ಕೆ ಬಂತು. ನಾನು ಯೋಚಿಸಲಿಲ್ಲ. ಕೈಗಳೇ ಹೋಗಿ ಹಿಡಿದವು. ಅಂಗೈ ಚುರ್ರೆಂದಿತು. ಸುತ್ತಲಿನವರು ಹೋ ಎಂದರು. ನಾನು ಅದೇ ಓಘದಲ್ಲಿ ತೋಳು ಹಿಂದಕ್ಕೆ ತಂದು ಚೆಂಡನ್ನು ಬೀಸಿ ಮೈದಾನದೊಳಕ್ಕೆ ಎಸೆದೆ. ಹತ್ತಿರದ ಆಟಗಾರನ ಕಾಲ ಬಳಿ ಒಂದು ಪುಟ ಹಾರಿ ನಿಂತಿತು. ಈ ವಯಸ್ಸಿಗೆ ಒಳ್ಳೆಯ ಎಸೆತ.

ಹೋ ಎಂದವರೆಲ್ಲ ಒಟ್ಟಿಗೆ ಬೂ ಎಂದರು. ಮುಂದಿನ ಸಾಲಿನ ಹೆಂಗಸು ತಿರುಗಿ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. ಬೇಸ್‌ಬಾಲಿನಲ್ಲಿ ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಹಿಡಿದವರದ್ದು. ಮನೆಗೆ ಒಯ್ದು ಗಾಜಿನ ಡಬ್ಬಿಯಲ್ಲಿಟ್ಟು ಮೊಮ್ಮಕ್ಕಳಿಗೆ ತೋರಿಸುತ್ತಾರೆ. ಅದಕ್ಕಾಗಿಯೇ ಕೆಲವರು ಕೈಗವಸು ತೊಟ್ಟು ಬಂದು ಕೂತಿರುತ್ತಾರೆ. ಗ್ಲೆನ್ ಹದಿಮೂರನೇ ವಯಸ್ಸಿನಿಂದ ಹೋಗುತ್ತಿದ್ದರೂ ಅವನಿಗೆ ಒಂದೂ ಸಿಕ್ಕಿರಲಿಲ್ಲ. ಇದನ್ನೆಲ್ಲ ಇಮ್ತಿಯಾಜ್ ನನಗೆ ಹೇಳಿದ್ದು ಹಲ್ಲು ಕಚ್ಚಿಕೊಂಡು.

"ಯಾಕೋ ಎಸೆದೆ?" ಎಂದ ಅವನು.

ಸುತ್ತ ಕೂತ ಸಾವಿರಾರು ಜನ ಕೇಳಿದ್ದರೆ ನಾನು ಸಹಿಸುತ್ತಿದ್ದೆ. ಇವನು ಕೇಳಿದ. ನಜರ್‌ಬಾದಿನ ಮೈದಾನದಲ್ಲಿ ನಮಗಿದ್ದದ್ದು ಒಂದು ಚೆಂಡು. ಅದು ರಸ್ತೆಗೆ ಹೋದರೆ ಸೈಕಲ್ಲಿನವನು ಇಳಿದು ಎಸೆಯುತ್ತಿದ್ದ, ಸೊಪ್ಪಿನವಳು ಬುಟ್ಟಿ ಇಳಿಸಿ ಎಸೆಯುತ್ತಿದ್ದಳು, ಮಸೀದಿಯಿಂದ ಬರುತ್ತಿದ್ದ ಇವನ ತಾತ ಬೈದುಕೊಂಡೇ ಎಸೆಯುತ್ತಿದ್ದರು. ಚೆಂಡು ಕೈಗೆ ಬಂದರೆ ಆಡುವವರಿಗೆ ಹಿಂದಕ್ಕೆ ಕೊಡುವುದು, ಇದಕ್ಕೆ ಯಾಕೆ ಎಂಬ ಪ್ರಶ್ನೆ ಇದೆಯೇ? ಆ ಪ್ರಶ್ನೆಯನ್ನು ಕೇಳುವಂಥವನಾಗಿ ಬದಲಾಗಿದ್ದ ನನ್ನ ಇಮ್ತಿಯಾಜ್. ನಾನು ಇಷ್ಟು ದೂರ ಬಂದು ತಿಳಿಯಬೇಕೆಂದಿದ್ದದ್ದು ತಿಳಿದಂತಾಯಿತು. ನಮ್ಮ ಬೀದಿಯ ಹುಡುಗ ಯಾವತ್ತೋ ನನ್ನನ್ನು ಬಿಟ್ಟು ಹೋಗಿಬಿಟ್ಟಿದ್ದ.

680

ವಾಪಸು ಬರುವಾಗ ಕಾರಿನಲ್ಲಿ ಮೊದಲು ಮಾತು ತೆಗೆದವನು ಗ್ಲೆನ್.

"ನೀವು ಚೆಂಡು ಯಾಕೆ ಎಸೆದಿರಿ ಎಂದು ನನಗೆ ಹೇಳಲೇ ಇಲ್ಲ," ಎಂದ. ನನ್ನ ಮುರುಕು ಇಂಗ್ಲಿಷಿನಲ್ಲಿ ಮೈದಾನದ ಕತೆ ಹೇಳಿದೆ. ಒಂದೇ ಚೆಂಡು, ಅದು ಬರದಿದ್ದರೆ ಆಟ ನಿಂತಿತು ಎಂದೆ. ಸೊಪ್ಪಿನವಳನ್ನು ಮಾತ್ರ ಇಂಗ್ಲಿಷಿಗೆ ತರಲಾಗದೆ ಬಿಟ್ಟೆ.

"ನಮ್ಮ ತಂಡದ ಮಾಲೀಕ ನಿಮ್ಮ ಬೀದಿಯಲ್ಲಿ ಬೆಳೆಯಬೇಕಿತ್ತು," ಎಂದ ಗ್ಲೆನ್. "ಇರಲಿ ಬಿಡಿ. ಆ ಕಿತ್ತಳೆ ಜನರ ಚೆಂಡನ್ನು ನಾನು ಮನೆಯಲ್ಲಿ ಎಲ್ಲಿ ಇಟ್ಟುಕೊಳ್ಳುತ್ತಿದ್ದೆ? ಅಪ್ಪ ಸಮಾಧಿಯಿಂದ ಎದ್ದುಬರುತ್ತಿದ್ದರು."

ಅವನು ನಕ್ಕ. ಆದರೆ ಚಾಚಿದ ಆ ಎರಡು ಕೈಗಳನ್ನು ನಾನು ಕಂಡಿದ್ದೆ. ಕ್ಷಮಿಸಿ ಎಂದೆ. ಆ ಮಾತು ನಿಜವಾಗಿಯೂ ಒಳಗಿನಿಂದ ಬಂತು. ಇವನನ್ನು ದ್ವೇಷಿಸಲು ನಾನು ಪಟ್ಟ ಶ್ರಮವೆಲ್ಲ ದಂಡವಾಗುತ್ತಿತ್ತು, ಅದಕ್ಕೂ ನನಗೆ ಸಿಟ್ಟು ಬಂತು.

ಗ್ಲೆನ್ ವಾಲ್ನಟ್ ಕ್ರೀಕಿನಲ್ಲಿ ಇಳಿದ. ಅಲ್ಲಿಂದ 680ನೇ ಫ್ರೀವೇಯಲ್ಲಿ ಸ್ಯಾನ್ ರಮೋನಿನ ತನಕ ನಾವಿಬ್ಬರೇ. ಇಮ್ತಿಯಾಜ್ ರೇಡಿಯೊ ಹಾಕಿದ, ಆರಿಸಿದ. ಮನೆ ಹತ್ತಿರ ಬಂದಾಗ, "ಅವನು ಎಷ್ಟು ವರ್ಷ ಕಾದಿದ್ದ ಗೊತ್ತಾ ನಿಂಗೆ?" ಎಂದ.

"ನಾನೂ ಕಾದಿದ್ದೆ," ಎಂದೆ.

ಮತ್ತೆ ವಾಲ್ನಟ್ ಕ್ರೀಕ್

ಮೂರನೆಯ ದಿನವೂ ಅವನು ನನ್ನೊಡನೆ ಮಾತಾಡಲಿಲ್ಲ. ಹಡಗು ಬಂದಿದೆ, ಕಲ್ಲು ಇಳಿಸಬೇಕು ಎಂದು ಫರ್ಹಾನಾಳ ಮೂಲಕ ಹೇಳಿಸಿ ಗೋಡೌನಿಗೆ ಹೊರಟುಹೋದ. ಅವತ್ತೇ ರಾತ್ರಿ ನಮ್ಮ ಟೆಸ್ಟ್ ಪಂದ್ಯ. ನಮ್ಮೂರಿನ ಬೆಳಿಗ್ಗೆ ಅವರ ರಾತ್ರಿ ಊಟದ ಹೊತ್ತಿಗೆ ಶುರುವಾಗುತ್ತದೆ. ನಾನು ಫೋನಿನಲ್ಲೇ ಒಬ್ಬನೇ ನೋಡುವುದೆಂದು ತೀರ್ಮಾನಿಸಿ ಬೇಜಾರಿನಲ್ಲಿ ಕೂತಿದ್ದೆ. ಆಗ ಗ್ಲೆನ್ ಫೋನು ಮಾಡಿದ, ಫರ್ಹಾನಾಗೆ.

"ಅಣ್ಣಾ, ನಿಮ್ಮನ್ನೇ ಕೇಳ್ತಿದಾರೆ," ಎಂದು ಅವಳು ಆಶ್ಚರ್ಯದಿಂದ ಫೋನು ಕೊಟ್ಟಳು.

ಚೆಂಡು ಹಿಂದಕ್ಕೆ ಕೊಡುವ ಆಟವನ್ನು ತಾನೂ ನೋಡಬೇಕು ಎಂದ ಅವನು. ಸಂಜೆ ಬಂದು ಕಾರಿನಲ್ಲಿ ಕರೆದುಕೊಂಡು ಹೋದ. ಮೊದಲು ಟೀವಿಯಲ್ಲಿ ಪ್ಲೇಆಫಿನ ಒಂದು ಪಂದ್ಯ ನೋಡಿ ಮುಗಿಸಿದೆವು. ಅವನು ಪ್ರತಿ ಎಸೆತಕ್ಕೂ ಈ ಸುತ್ತೇ ಅನ್ಯಾಯ ಎನ್ನುತ್ತ ಒಂದು ಎಸೆತವನ್ನೂ ಬಿಡದೆ ನೋಡಿದ. ಆಟದ ನಡುವೆ ಅವನ ಕನ್ನಡಕ ಕೇಳಿ ತೆಗೆದುಕೊಂಡು, ಎಂಟು ವರ್ಷದಿಂದ ವಾಲಿದ್ದ ಫ್ರೇಮನ್ನು ಬಗ್ಗಿಸಿ ನೆಟ್ಟಗೆ ಮಾಡಿಕೊಟ್ಟೆ. ಆಮೇಲೆ ನಮ್ಮ ಆಟ ಶುರುವಾಯಿತು.

ಗ್ಲೆನ್ನನಷ್ಟು ಒಳ್ಳೆಯ ಶಿಷ್ಯನನ್ನು ನಾನು ಕಂಡಿಲ್ಲ. ಸ್ಲಿಪ್ಪಿನಲ್ಲಿ ಯಾಕೆ ನಿಲ್ಲುತ್ತಾರೆ, ಚೆಂಡು ಹಳತಾದರೂ ಯಾಕೆ ಬದಲಿಸುವುದಿಲ್ಲ, ಎಲ್ಲ ಕೇಳಿದ. ಐದು ದಿನ ಆಡಿದ ಮೇಲೆ ಪ್ಲೇಆಫು ಉಂಟೇ ಎಂದ. ಇಲ್ಲ ಎಂದೆ.

"ಯಾರೂ ಗೆಲ್ಲದಿದ್ದರೆ?"

"ಕೈಕುಲುಕಿ ಮನೆಗೆ ಹೋಗುತ್ತಾರೆ."

ಅವನು ಲೋಟ ಕೆಳಗಿಟ್ಟು ಟೀವಿಯನ್ನೇ ನೋಡಿದ. "ಇಷ್ಟು ದಿನ ಇದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ?" ಎಂದ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಇಮ್ತಿಯಾಜ್. ಗೋಡೌನಿನಿಂದ ನೇರ ಬಂದಿದ್ದ, ಬೂಟಿನ ಮೇಲೆ ಕಲ್ಲಿನ ಬಿಳಿ ದೂಳು. ಗ್ಲೆನ್ ಬಾ ಬಾ ಎಂದರೆ ಅವನ ಕಡೆ ನೋಡಲೂ ಇಲ್ಲ. ನನ್ನನ್ನು ನೋಡಿ ಕನ್ನಡದಲ್ಲಿ, "ನಂಗೆ ಹೇಳದೆ ಬಂದ್ಯಾ?" ಎಂದ.

"ನೀನು ಮಾತಾಡ್ತಿರ್ಲಿಲ್ವಲ್ಲ."

"ಮಾತಾಡ್ದೆ ಇದ್ರೆ? ಇಲ್ಲಿ ಬಂದು ಕೂತ್ಕೊಳ್ಳೋದಾ? ಟೆಸ್ಟು ನೋಡೋಣ ಅಂತ ಕಲ್ಲು ಇಳಿಸೋದನ್ನ ಅರ್ಧಕ್ಕೇ ಬಿಟ್ಟು ಮನೇಗೋದ್ರೆ, ಫರ್ಹಾನಾ ಹೇಳ್ತಾಳೆ, ಅಣ್ಣ ಗ್ಲೆನ್ ಮನೇಗೆ ಹೋದ್ರು ಅಂತ. ನಂಗೆ ಹೇಗನ್ನಿಸಬೇಕು ಹೇಳು? ಮೈಸೂರಿಂದ ನೀನು ಬಂದಿದ್ದು ಅವನ ಜೊತೆ ಮ್ಯಾಚು ನೋಡೋಕಾ?"

ಆ ದನಿಯನ್ನು ನಾನು ಎಂಟು ವರ್ಷದಿಂದ ಬಲ್ಲೆ, ನನ್ನೊಳಗೆ ಕೂತು ದಿನವೂ ಗೊಣಗಿದ ದನಿ ಅದು. ಅದು ಅವನ ಬಾಯಿಂದ ಬಂದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಏನು ಉತ್ತರ ಕೊಟ್ಟೆ ಎಂಬುದೇ ನೆನಪಿಲ್ಲ. ಬಹುಶಃ ಕೂತ್ಕೋ ಎಂದಿರಬೇಕು.

ಸೋಫಾದಲ್ಲಿ ಗ್ಲೆನ್ ಮತ್ತು ನಾನು ಕೂತಿದ್ದೆವು. ಬೇರೆ ಕುರ್ಚಿ ಇತ್ತು. ಇಮ್ತಿಯಾಜ್ ಬೂಟು ಬಿಚ್ಚಿ ನೇರ ಬಂದು ನಮ್ಮಿಬ್ಬರ ನಡುವೆ ತೂರಿಕೊಂಡು ಕೂತ, ನನ್ನ ಕಡೆಗೆ ಒತ್ತಿಕೊಂಡು. ಎರಡು ಎಸೆತ ಸುಮ್ಮನೆ ನೋಡಿದ. ಮೂರನೆಯದಕ್ಕೆ, "ಇವನ್ಯಾರೋ ಕಂಠಿ, ಎರಡನೇ ಸ್ಲಿಪ್ಪು ತೆಗೆದುಬಿಟ್ಟಿದಾನೆ? ತಲೆ ಇದ್ಯಾ ಈ ನಾಯಕನಿಗೆ?" ಎಂದ. ತಲೆ ಇಲ್ಲ ಎಂದು ನಾನೂ ಒಪ್ಪಿದೆ. ಅಲ್ಲಿಂದ ಶುರುವಾಯಿತು ನೋಡಿ. ಆಯ್ಕೆದಾರರನ್ನು ಬೈದೆವು, ಪಿಚ್ಚನ್ನು ಬೈದೆವು, ನಮ್ಮ ಶಾಲೆಯ ಡ್ರಿಲ್ ಮೇಷ್ಟರನ್ನೂ ಎಳೆದು ತಂದು ಬೈದೆವು. ಇಮ್ತಿಯಾಜ್ ಗ್ಲೆನ್ನನ ಮೇಜು ಕುಟ್ಟಿದ.

ಗ್ಲೆನ್ ಆ ಕಡೆಯಿಂದ ಬಗ್ಗಿ, ನೆಟ್ಟಗಾದ ಕನ್ನಡಕದೊಳಗಿಂದ ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದ. "ಏನು ಹೇಳುತ್ತಿದ್ದಾನೆ ಇವನು?" ಎಂದು ನನ್ನನ್ನು ಕೇಳಿದ. ಮತ್ತೆ ಕೇಳಿದ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಆದರೂ ಆ ಓವರು ಮುಗಿಯುವ ತನಕ ನಾನು ಹೇಳಲಿಲ್ಲ.